ಹಿಂದೆ ನಿಂತವರ ಕಣ್ಣು

ಅವಳು ಕೂತಲ್ಲಿ ಕೂರುವ ಜೀವವಲ್ಲ. ಸೋದರತ್ತೆ ಅವಳಿಗೆ ‘ಗಾಳಿ’ ಅಂತ ಹೆಸರಿಟ್ಟಿದ್ದರು. ಓಣಿಯವರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಅತ್ತೆಯದು ಕನ್ನಡಕದ ಅಂಗಡಿ. ಮುಂದೆ ಗಾಜಿನ ಬೀರು, ಹಿಂದೆ ಲೆನ್ಸ್ ಉಜ್ಜುವ ಕೋಣೆ, ಮಹಡಿ ಮೇಲೆ ಮನೆ. ಉಜ್ಜುವುದು ಅತ್ತೆಯ ಕೆಲಸ, ಕಂಪ್ಯೂಟರ್ ಗಾಳಿಯ ಕೆಲಸ. ಕೆಳಗಿಳಿದರೂ ಅತ್ತೆ, ಮೇಲೆ ಹತ್ತಿದರೂ ಅತ್ತೆ. ತನ್ನದೇ ಒಂದು ಕೋಣೆ ಬೇಕು ಅಂತ ಅವಳು ಊರೆಲ್ಲ ಹುಡುಕುತ್ತಿದ್ದಳು.

ಆ ವಾರ ಬಸ್ ಡಿಪೋದಲ್ಲಿ ಕಣ್ಣಿನ ತಪಾಸಣೆ ನಡೆದಿತ್ತು. ಡಿಪೋದವರಿಗೂ ಅಕ್ಕಪಕ್ಕದ ಬೀದಿಯವರಿಗೂ ಬಾಗಿಲು ತೆರೆದಿತ್ತು; ಕನ್ನಡಕ ಮಾಡಿಕೊಡುವ ಕೆಲಸ ಅತ್ತೆಯ ಅಂಗಡಿಯದು. ಬಾಗಿಲಲ್ಲಿ ಕೂತವನೊಬ್ಬ ಚೀಟಿ ನಂಬರ್, ಹೆಸರು, ಫೋನು ಬರೆದುಕೊಂಡ. ಒಳಗೆ ಡಾಕ್ಟರ ಸಹಾಯಕಿ ಅದೇ ಚೀಟಿ ನಂಬರ್ ಹಾಕಿ ಕಣ್ಣಿನ ಪವರ್ ಬರೆದುಕೊಂಡಳು. ಹೀಗಾಗಿ ಅಂಗಡಿಗೆ ಎರಡು ಫೈಲ್ ಬಂದವು: ಒಂದರಲ್ಲಿ ಜನ, ಇನ್ನೊಂದರಲ್ಲಿ ಅವರ ಕಣ್ಣು.

ಇವೆರಡನ್ನು ಕೂಡಿಸುವುದು ಗಾಳಿಗೆ ನೀರು ಕುಡಿದಷ್ಟು ಸಲೀಸು. ಕಪ್ಪು ಪರದೆಯ ಮೇಲೆ ‘ಜಾಯಿನ್’ ಅಂತ ಬರೆದು ಎರಡೂ ಫೈಲಿನ ಹೆಸರು ಕೊಟ್ಟರೆ ಸಾಕು, ಎರಡರಲ್ಲೂ ಒಂದೇ ನಂಬರ್ ಇರುವ ಸಾಲುಗಳನ್ನು ಹುಡುಕಿ ಹೆಸರಿನ ಪಕ್ಕ ಪವರ್ ತಂದು ನಿಲ್ಲಿಸುತ್ತದೆ. ಆದರೆ ಆ ಕಮ್ಯಾಂಡಿಗೆ ಒಂದು ಹಠ. ಎರಡೂ ಫೈಲ್ ಮೊದಲೇ ವಿಂಗಡಿಸಿರಬೇಕು, ಅದೂ ನಿಘಂಟಿನ ಕ್ರಮದಲ್ಲಿ. ಹತ್ತರ ಮೊದಲ ಅಂಕಿ ಒಂದಲ್ಲವೇ, ಅದರ ಲೆಕ್ಕದಲ್ಲಿ ಹತ್ತು ಒಂಬತ್ತಕ್ಕಿಂತ ಮೊದಲು ಬರಬೇಕು. ಹಾಗೆ ಇಲ್ಲದಿದ್ದರೆ ‘ಕ್ರಮದಲ್ಲಿಲ್ಲ’ ಅಂತ ಗೊಣಗಿ ಕೆಲವು ಸಾಲುಗಳನ್ನು ನುಂಗಿಹಾಕುತ್ತದೆ.

ಅವತ್ತು ಗೊಣಗಿತು. ಮೊದಲು ವಿಂಗಡಿಸುವುದನ್ನು ಅವಳು ಮರೆತಿದ್ದಳು. ಅಷ್ಟರಲ್ಲಿ ಫೋನು: ಕೋಣೆಯೊಂದು ಖಾಲಿಯಾಗಿದೆ, ನೋಡಲು ಇನ್ನೊಬ್ಬರೂ ಹೊರಟಿದ್ದಾರೆ, ಈಗಲೇ ಬಂದರೆ ಸರಿ. ಗಾಳಿ ಎದ್ದು ನಿಂತೇ ಕೀಲಿ ಒತ್ತಿದಳು. ಎರಡೂ ಫೈಲಿನಲ್ಲಿ ಸಾಲುಗಳು ಸಮಸಮ ಇದ್ದವು. ಇನ್ನೇನು ಅಂತ ‘ಪೇಸ್ಟ್’ ಕೊಟ್ಟಳು. ಅದಕ್ಕೆ ಹಠವೂ ಇಲ್ಲ, ಬುದ್ಧಿಯೂ ಇಲ್ಲ; ನಂಬರ್ ನೋಡದೆ ಮೊದಲ ಸಾಲಿಗೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು ಅಂಟಿಸುತ್ತ ಹೋಗುತ್ತದೆ. ಚೀಟಿ ನಂಬರ್ ಎರಡೆರಡು ಸಲ ಬಂದು ಅಸಹ್ಯವಾಗಿ ಕಂಡಿತು. ಒಂದನ್ನು ಕತ್ತರಿಸಿ ಹಾಕಿದಳು. ಪಟ್ಟಿ ಅಚ್ಚು ಹಾಕಿ ಅತ್ತೆಯ ಮೇಜಿನ ಮೇಲಿಟ್ಟು ಓಡಿದಳು.

ಕೋಣೆ ಸಿಕ್ಕಿತು. ಸಣ್ಣದು, ಕಿಟಕಿ ಗೋಡೆಗೆ ಮುಖ ಮಾಡಿತ್ತು, ಆದರೂ ತನ್ನದು. ಅತ್ತೆ ಮೂತಿ ಉಬ್ಬಿಸಿಕೊಂಡೇ ಲೆನ್ಸ್ ಉಜ್ಜಿದರು. ಕನ್ನಡಕಗಳು ತಯಾರಾದವು, ಜನ ಬಂದು ಒಯ್ದರು. ನೂಕುನುಗ್ಗಲಿನಲ್ಲಿ ಹಾಕಿಕೊಂಡು ನೋಡಿ ಅಂತ ಹೇಳಲೂ ಪುರುಸೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ಬಡಗಿ ಬಂದ. “ಅಮ್ಮಾ, ಇದು ಹಾಕ್ಕೊಂಡ್ರೆ ನೆಲ ಎದ್ದು ಬರತ್ತೆ. ಮೆಟ್ಟಿಲು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ.”

“ಹೊಸದಲ್ವಾ, ಎರಡು ದಿನ ಹಾಗೇ ಇರತ್ತೆ. ಅಭ್ಯಾಸ ಆಗತ್ತೆ,” ಅಂದರು ಅತ್ತೆ.

ಗಾಳಿ ಬಟ್ಟೆ ತೆಗೆದುಕೊಂಡಳು. ಬೀರು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಬಾಗಿಲ ತನಕ ಹೋಗಿ ಬೀದಿ ನೋಡಿ ಬಂದಳು. ಮಧ್ಯಾಹ್ನ ಒಬ್ಬ ಮುದುಕಿ ತಲೆ ಹಿಡಿದುಕೊಂಡು ಬಂದಾಗ ಇನ್ನು ತಡೆಯಲಾಗಲಿಲ್ಲ. ಎರಡೂ ಫೈಲ್ ತೆಗೆದು, ಈ ಸಲ ವಿಂಗಡಿಸಿ, ‘ಜಾಯಿನ್’ ಕೊಟ್ಟು, ಜೋಡಿ ಸಿಗದವರನ್ನೂ ತೋರಿಸು ಅಂದಳು.

ತೋರಿಸಿತು. ಹೆಸರು ಬರೆಸಿದವನೊಬ್ಬ ಕಾದು ಬೇಸತ್ತು ತಪಾಸಣೆ ಮಾಡಿಸದೆ ಎದ್ದು ಹೋಗಿದ್ದ. ಅವನ ಸರದಿ ಕಳೆದು ಬಹಳ ಹೊತ್ತಿನ ಮೇಲೆ ಯಾರೋ ಒಬ್ಬಾಕೆ ಹೆಸರು ಬರೆಸದೆ, ಚೀಟಿಯಿಲ್ಲದೆ ಹಿಂಬಾಗಿಲಿಂದ ನುಗ್ಗಿ ತಪಾಸಣೆ ಮಾಡಿಸಿಕೊಂಡಿದ್ದಳು. ಹಾಗಾಗಿ ಎಣಿಕೆ ಸಮನಾಗಿತ್ತು. ಅವರಿಬ್ಬರ ನಡುವೆ ಇದ್ದವರೆಲ್ಲ ಒಂದೊಂದು ಸಾಲು ಜಾರಿದ್ದರು. ಸರದಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮ ಹಿಂದೆ ನಿಂತವರ ಕಣ್ಣು ಬಂದಿತ್ತು.

“ಅತ್ತೆ... ತಪ್ಪು ನಂದು.”

ಅತ್ತೆ ಯಂತ್ರ ನಿಲ್ಲಿಸಿದರು. ಪೂರ್ತಿ ಕೇಳಿದರು. ಬೈಯುತ್ತಾರೆ ಅಂತ ಕಾದಳು, ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು.

“ಮೊದಲು ಫೋನ್ ಮಾಡು. ಯಾರೂ ಅದನ್ನ ಹಾಕ್ಕೊಂಡು ರಸ್ತೆ ದಾಟಬಾರದು.”

ಒಬ್ಬೊಬ್ಬರಿಗೂ ಮಾಡಿದಳು. ಕೆಲವರು ಬೈದರು. ಕೆಲವರು “ಅಬ್ಬ, ನನ್ನ ಕಣ್ಣೇ ಕೆಟ್ಟೋಯ್ತು ಅಂದ್ಕೊಂಡಿದ್ದೆ” ಅಂತ ಉಸಿರು ಬಿಟ್ಟರು. ದರ್ಜಿ ಹೆಂಗಸೊಬ್ಬಳು ಮಾತ್ರ ಕನ್ನಡಕ ವಾಪಸ್ ಕೊಡಲು ಸುತಾರಾಂ ಒಪ್ಪಲಿಲ್ಲ.

“ಸೂಜಿ ಕಾಣಲ್ಲ, ನಿಜ. ಆದ್ರೆ ಎದುರು ಮನೆ ತಾರಸಿ ಮೇಲೆ ಯಾರು ಯಾರ ಜೊತೆ ಮಾತಾಡ್ತಾರೆ, ಎಲ್ಲ ಕಾಣತ್ತೆ! ಇದು ಇರಲಿ, ಹೊಲಿಯೋದಕ್ಕೆ ಬೇರೆ ಮಾಡ್ಕೊಡಿ.”

ನಗು ಬರಬೇಕಿತ್ತು. ಬರಲಿಲ್ಲ. ದೂರವನ್ನು ಅಷ್ಟು ಚೆನ್ನಾಗಿ ತೋರಿಸುವ ಆ ಪವರ್, ಸರದಿಯಲ್ಲಿ ದರ್ಜಿಯ ಹಿಂದೆ ನಿಂತವನದು. ಅವನೊಬ್ಬ ಬಸ್ ಡ್ರೈವರ್. ಅವನ ಫೋನ್ ಮಾತ್ರ ಸ್ವಿಚ್ ಆಫ್.

ಗಾಳಿಗೆ ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ. ಡಿಪೋ ತನಕ ಓಡಿದಳು, ನಡೆದಳು, ಮತ್ತೆ ಓಡಿದಳು. ದಾರಿಯಲ್ಲಿ ಹೋಗುವ ಒಂದೊಂದು ಬಸ್ಸಿನ ಮುಂದಿನ ಗಾಜನ್ನೂ ಇಣುಕಿ ನೋಡಿದಳು. ಎಲ್ಲೋ ಬ್ರೇಕ್ ಕಿರುಗುಟ್ಟಿದರೆ ನಿಂತು ಆ ಕಡೆ ತಿರುಗುತ್ತಿದ್ದಳು.

ಡಿಪೋ ಗೇಟಿನಲ್ಲಿ ಕಂಡಕ್ಟರ್ ಒಬ್ಬ ಹೇಳಿದ: “ಅವರಾ? ಬೆಳಿಗ್ಗೆ ಅರ್ಧ ದಾರೀಲಿ ಗಾಡಿ ಪಕ್ಕಕ್ಕೆ ಹಾಕಿ ಇಳಿದುಬಿಟ್ರು. ಮುಂದಿನ ಲಾರಿ ಹತ್ರ ಇದೆಯೋ ದೂರ ಇದೆಯೋ ಗೊತ್ತಾಗ್ತಿಲ್ಲ ಅಂದ್ರು. ಬೇರೆ ಡ್ರೈವರ್ ಬರೋ ತನಕ ಜನ ಎಲ್ಲ ರಸ್ತೇಲೇ ಕಾದ್ವಿ. ಒಳಗಿದ್ದಾರೆ ನೋಡಿ.”

ಯಾರಿಗೂ ಏನೂ ಆಗಿಲ್ಲ. ಅವಳು ಗೇಟಿನ ಕಂಬ ಹಿಡಿದು ನಿಂತಳು. ಆಮೇಲೆ ಒಳಗೆ ಹೋದಳು.

ಉದ್ದನೆ ಕೋಣೆ, ಗೋಡೆಗುಂಟ ಕಬ್ಬಿಣದ ಕಪಾಟುಗಳು. ಡ್ರೈವರ್ ತನ್ನ ಕಪಾಟು ಖಾಲಿ ಮಾಡುತ್ತಿದ್ದ. ಟವೆಲ್ಲು, ಬಾಚಣಿಗೆ, ಹಳೇ ಬೂಟು ಎಲ್ಲ ಚೀಲ ಸೇರಿದ್ದವು.

“ಅಣ್ಣಾ, ನಾನು ಕನ್ನಡಕದ ಅಂಗಡಿಯವಳು.”

“ಕನ್ನಡಕದಿಂದ ಇನ್ನೇನಾಗಬೇಕಮ್ಮ. ಹೊಸದು ಹಾಕಿದ್ರೂ ಕಾಣಲ್ಲ ಅಂದ್ಮೇಲೆ ಮುಗೀತು. ಮ್ಯಾನೇಜರ್‌ಗೂ ಹೇಳಿ ಆಯ್ತು.”

“ಅದು ನಿಮ್ಮದಲ್ಲ. ನಿಮ್ಮ ಹಿಂದೆ ನಿಂತಿದ್ದವರದ್ದು. ಪಟ್ಟಿ ಕೂಡಿಸೋವಾಗ ನಾನು ತಪ್ಪು ಮಾಡಿದೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ.”

ಖುಷಿಪಡುತ್ತಾನೆ ಅಂದುಕೊಂಡಿದ್ದಳು. ಅವನು ಬೂಟನ್ನು ಚೀಲದಿಂದ ತೆಗೆದು ಕೆಳಗಿಟ್ಟ. ಮುಖ ಕೆಂಪಾಯಿತು.

“ಏನೂ ಆಗಿಲ್ವಾ? ಬೆಳಿಗ್ಗೆಯಿಂದ ನಾನು ಕುರುಡ ಆಗೋದು ಹೇಗೆ ಅಂತ ಯೋಚಿಸ್ತಾ ಕೂತಿದೀನಿ. ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳ ಅಳು ಕೇಳಕ್ಕಾಗದೆ ಫೋನ್ ಆಫ್ ಮಾಡಿದೆ. ಅಂಥ ಅವಸರ ಏನಿತ್ತು ನಿನಗೆ?”

ಕೋಣೆ ನೋಡಲು ಹೋಗಬೇಕಿತ್ತು ಅಂತ ಹೇಳಲು ಬಾಯಿ ತೆರೆದಳು. ಎಷ್ಟು ಸಣ್ಣ ಮಾತು ಅನ್ನಿಸಿ ಮುಚ್ಚಿಕೊಂಡಳು.

ಅತ್ತೆ ಅವನ ಸರಿಯಾದ ಲೆನ್ಸ್ ಅವತ್ತೇ ಉಜ್ಜಿ ಕೊಟ್ಟರು. ಸಂಜೆಗೆ ಗಾಳಿ ಅದನ್ನು ಡಿಪೋಗೆ ಒಯ್ದಳು. ಅವನು ಹಾಕಿಕೊಂಡು ಅಂಗಳದ ಆ ತುದಿಗೆ ನಿಂತ ಬಸ್ಸಿನ ಬೋರ್ಡು ನೋಡಿದ. ಓದಿದ. ಬಸ್ಸಿನ ಹಿಂದೆ ಯಾರೋ ಗೀಚಿದ್ದ ಪೋಲಿ ಮಾತನ್ನೂ ಓದಿ, ಅವಳು ಪಕ್ಕದಲ್ಲಿದ್ದುದು ನೆನಪಾಗಿ ಕೆಮ್ಮಿದ.

ಆದರೆ ಮ್ಯಾನೇಜರ್ ಬಿಡಬೇಕಲ್ಲ. ಡಾಕ್ಟರ್ ಬಾಯಿಂದ ಕೇಳದೆ ಸ್ಟೀರಿಂಗ್ ಮುಟ್ಟಿಸಲ್ಲ ಅಂದರು. “ನೀನೂ ಬಾ. ನಡೆದದ್ದನ್ನ ನೀನೇ ಹೇಳಬೇಕು,” ಅಂದ ಡ್ರೈವರ್. ಮರುದಿನ ಇಬ್ಬರೂ ಕಣ್ಣಿನ ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ.

ಅವನ ಫೋನು ರಿಂಗಾಯಿತು. ತೆರೆಯ ಮೇಲೆ ಮಗಳ ಮುಖ. ಅವನು ಒಂದು ಗಳಿಗೆ ನೋಡಿ, ಫೋನನ್ನು ಗಾಳಿಯ ಕೈಗೆ ಕೊಟ್ಟ.

“ಕಣ್ಣು ಸರಿ ಇದೆ, ನಾಳೆ ಡಾಕ್ಟ್ರ ಹತ್ರ ಹೋಗ್ತೀನಿ ಅಂತ ರಾತ್ರಿನೇ ಹೇಳಿದೆ, ಅವಳು ನಂಬಲ್ಲ. ಸಮಾಧಾನ ಮಾಡ್ತಿದೀನಿ ಅಂದ್ಕೋತಾಳೆ. ನೀನೇ ಹೇಳು.”

“ಅಪ್ಪಾ? ಅಪ್ಪಾ, ಏನಂದ್ರು ಡಾಕ್ಟ್ರು?” ಆ ಕಡೆಯ ದನಿ ಅತ್ತು ಅತ್ತು ಒಡೆದಿತ್ತು.

“ನಾನು ನಿಮ್ಮಪ್ಪನ ಕನ್ನಡಕ ಕೆಡಿಸಿದವಳು,” ಅಂದಳು ಗಾಳಿ. ಮೊದಲ ಫೈಲಿನಿಂದ ಶುರುಮಾಡಿ ಒಂದೂ ಬಿಡದೆ ಹೇಳುತ್ತ ಹೋದಳು. ಈ ಸಲ ಕೋಣೆಯ ವಿಷಯವನ್ನೂ ಹೇಳಿದಳು. ಆಮೇಲೆ ಆ ಮಗಳು ಬೈಯಲು ಶುರುಮಾಡಿದಳು. ಗಟ್ಟಿ ದನಿ, ಬಿಡುವಿಲ್ಲದ ಬೈಗುಳ. ಪಕ್ಕದಲ್ಲಿ ಕೂತ ಡ್ರೈವರ್‌ಗೂ ಚೆನ್ನಾಗಿ ಕೇಳಿಸುತ್ತಿತ್ತು. ಗಾಳಿ ಫೋನನ್ನು ಕಿವಿಯಿಂದ ಸರಿಸಲಿಲ್ಲ. ಹ್ಞೂಂ ಅನ್ನುತ್ತ ಕೇಳಿಸಿಕೊಂಡಳು. ಡ್ರೈವರ್ ಬೆಂಚಿಗೆ ಒರಗಿ ಕೂತ. ಎರಡು ದಿನದಲ್ಲಿ ಮೊದಲ ಸಲ ಅವನ ಮುಖದ ಬಿಗಿ ಸಡಿಲವಾಗಿತ್ತು.