ಸುಮ್ಮನಿದ್ದವನು

"ಬೀರಣ್ಣೋ, ನಿನ್ ತಮ್ಮ ಯೇಸು ಕಡೀಕೆ ಹೋಗ್ಬುಟ್ಟ ಕಣಪ್ಪೋ! ಅಕ್ಕಿಹೆಬ್ಬಾಳು ತಾವ ಹೊಳೇಲಿ ಮುಳುಗ್ಸಿ ಎತ್ತುದ್ರು. ನಾನೇ ಕಣ್ಣಾರೆ ನೋಡ್ದೆ!"

ಮೊಪೆಡ್ಡಿಗೆ ಸ್ಟ್ಯಾಂಡು ಹಾಕುವುದಕ್ಕೂ ಮೊದಲೇ ಮರಿಯಯ್ಯ ಕೂಗಿಬಿಟ್ಟಿದ್ದ. ಮಾರಮ್ಮನ ಗುಡಿಯ ಜಗಲಿಯಲ್ಲಿ ಕೂತು ಹುಣಸೆಹಣ್ಣಿನಲ್ಲಿ ಆರತಿ ತಟ್ಟೆ ಉಜ್ಜುತ್ತಿದ್ದ ಪೂಜಾರಿ ದೊಡ್ಡಬೀರಯ್ಯ ತಲೆ ಎತ್ತಲಿಲ್ಲ.

"ಹೊಳೇಲಿ ಮುಳುಗುದ್ರೆ ಮೈ ಕೊಳೆ ಹೋಯ್ತದೆ. ಅದ್ಕ್ಯಾಕ್ಲಾ ಇಂಗೆ ಬಾಯ್ ಬಡ್ಕತೀಯೆ?"

"ತಮಾಸೆ ಬುಡು. ನಿಂಗೆ ಗಂಡುಮಕ್ಕಳಿಲ್ಲ. ನಿನ್ ತರುವಾಯ ಅಮ್ಮನ್ನ ಮುಟ್ಟೋರ್ಯಾರು?"

ದೊಡ್ಡಬೀರಯ್ಯ ತಟ್ಟೆ ಮಗುಚಿ ಹಿಂಬದಿ ಉಜ್ಜತೊಡಗಿದ. ತಮ್ಮ ಸಿದ್ದರಾಮು ಗುಡಿಯ ಮೆಟ್ಟಿಲು ಹತ್ತದೆ ಎರಡು ವರ್ಷವಾಗಿತ್ತು. ಅವನು ದೂರವಾದದ್ದು ಊರಿಗೆ ಇವತ್ತಿನ ಸುದ್ದಿ, ಇವನಿಗಲ್ಲ.

ಎರಡು ವರ್ಷದ ಹಿಂದೆ, ಮಾರಮ್ಮನ ಹಬ್ಬದ ವಾರದಲ್ಲಿ, ತಮ್ಮನ ಮಗಳು ತನುಶ್ರೀಗೆ ಜ್ವರ ಬಂದಿತ್ತು. ಆರು ವರ್ಷದ ಕೂಸು. ಮೈತುಂಬ ಕೆಂಪು ದದ್ದು. ಹೆಗಲ ಮೇಲೆ ಹೊತ್ತುಕೊಂಡು ಬಂದ ತಮ್ಮನನ್ನು ಮೆಟ್ಟಿಲ ಹತ್ತಿರವೇ ನಿಲ್ಲಿಸಿ, ಕಂಕಣ ಕಟ್ಟಿಸಿಕೊಂಡಿದ್ದ ದೊಡ್ಡಬೀರಯ್ಯ ದೂರದಿಂದಲೇ ನೋಡಿ ಹೇಳಿದ್ದ: "ಅಮ್ಮ ಆಗವ್ಳೆ. ಬೇವಿನ ಸೊಪ್ಪಲ್ಲಿ ಮನಗ್ಸು. ಸೂಜಿಗೀಜಿ ಚುಚ್ಚುಸ್ಬ್ಯಾಡ, ಮುನಿಸ್ಕತ್ತಳೆ." ಮೂರನೆಯ ದಿನ ಮಗುವಿನ ಹೆಸರಲ್ಲಿ ಕುರಿಮರಿಯನ್ನೂ ಕಡಿದ. ನಾಲ್ಕನೆಯ ದಿನ ದೊಡ್ಡಾಸ್ಪತ್ರೆಯ ಡಾಕ್ಟರು, ಇದು ಅಮ್ಮ ಅಲ್ಲ, ಡೆಂಗ್ಯೂ, ಮೊದಲೇ ಯಾಕೆ ತರಲಿಲ್ಲ ಎಂದು ಬೈದರಂತೆ. ಅಷ್ಟರಲ್ಲಿ ಮುಗಿದಿತ್ತು.

ಕಂಕಣ ಕಟ್ಟಿದ ಪೂಜಾರಿಗೆ ಸೂತಕವಿಲ್ಲ. ಅವನು ಹೆಣ ನೋಡಬಾರದು, ಅಳಬಾರದು, ಗುಡಿ ಬಿಟ್ಟು ಕದಲಬಾರದು. ಮಗುವನ್ನು ಗುಡಿ ಮುಂದೆಯೇ ಎತ್ತಿಕೊಂಡು ಹೋದಾಗ ದೊಡ್ಡಬೀರಯ್ಯ ಅಮ್ಮನ ಕಡೆ ಮುಖ ಮಾಡಿ ನಿಂತಿದ್ದ. ತಾಯಿ ಯಶೋಧಳ ಗೋಳು ಬೀದಿ ದಾಟಿ ಕೇಳಿಸದಾಗುವವರೆಗೂ ಹಾಗೆಯೇ ನಿಂತಿದ್ದ.

ಮರಿಯಯ್ಯ ಸುದ್ದಿ ತಂದ ದಿನವೇ ಮಧ್ಯಾಹ್ನ ಸಿದ್ದರಾಮು ತಾನೇ ಬಂದ. ಜಗಲಿ ಹತ್ತದೆ ಬಿಸಿಲಲ್ಲೇ ನಿಂತ.

"ಮರಿಯಯ್ಯ ಯೋಳಿರ್ಬೇಕು."

"ಯೋಳ್ದ. ನೀರು ತಣ್ಗಿತ್ತಾ?"

"ತಣ್ಗಿತ್ತು." ಸಿದ್ದರಾಮು ಮೆಟ್ಟಿಲ ಹತ್ತಿರಕ್ಕೆ ಬಂದ. "ಅಣ್ಣಯ್ಯ, ಜಗಳಕ್ಕೆ ಬಂದಿಲ್ಲ. ಪಾಸ್ಟ್ರು ಓದಿ ಯೋಳುದ್ರು. ಯೇಸು ಬರಾಕೆ ಮುಂಚೆ ಅವ್ನ ಜನ್ರಲ್ಲೂ ಪೂಜಾರಿಗಳು ಇದ್ರಂತೆ. ನಮ್ಮಂಗೇಯ, ಅಪ್ಪನಿಂದ ಮಗನ್ಗೆ. ಮರಿ ಕಡ್ದು ರಕ್ತ ಚೆಲ್ಲೋರಂತೆ. ಅದೆಲ್ಲ ನೆರಳಂತೆ. ಮುಂದೆ ಬರೋ ದೊಡ್ಡ ಪೂಜಾರಿ ನೆರಳು ಮೊದ್ಲೇ ಬಿದ್ದಿತ್ತಂತೆ. ಆ ಪೂಜಾರಿ ಯೇಸುನೇ ಬಂದು, ಮರಿ ಬದ್ಲು ತನ್ ಜೀವಾನೇ ಕೊಟ್ಟ, ಒಂದೇ ಸಲ. ನೆರಳ್ಗೆ ಜೀವ ಉಳ್ಸೋ ಸಕ್ತಿ ಎಲ್ಲಿಂದ ಬತ್ತದೆ? ನೀನ್ ಮಾಡುದ್ದೂ ಅಷ್ಟೇಯ, ನೆರಳು. ನಿನ್ಮ್ಯಾಲೆ ನಂಗೆ ಸಿಟ್ಟಿಲ್ಲ. ಅದ್ನ ಯೋಳೋಗನ ಅಂತ ಬಂದೆ."

ಸಿಟ್ಟಿಲ್ಲ ಎಂಬ ಆ ಒಂದು ಮಾತಿಗಾಗಿ ದೊಡ್ಡಬೀರಯ್ಯ ಎರಡು ವರ್ಷ ಕಾದಿದ್ದ. ಈಗ ಬಂದ ಮಾತು ಎದೆಗೆ ಒದ್ದ ಹಾಗಾಯಿತು.

"ನೆರಳಾ? ಆ ಮರಿ ಕತ್ತು ನೆರಳಾಗಿತ್ತೇನ್ಲಾ? ಸೂಜಿ ಬ್ಯಾಡ ಅಂದ ಬಾಯಿ ನಂದು ಕಣ್ಲಾ, ನಂದು! ಬೈಯಿ. ಕೆರ ತಗಂಡು ಹೊಡಿ. ನೆರಳು ಅಂದು ನನ್ನ ಬುಟ್ಬುಡ್ಬ್ಯಾಡ."

ಸಿದ್ದರಾಮು ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.

ದೊಡ್ಡಬೀರಯ್ಯನೇ ಮತ್ತೆ ಕೇಳಿದ. "ಆ ನಿನ್ ಹಳೇ ಪೂಜಾರಿ. ಅವ್ನ ಮನೇಲಿ ಮಕ್ಕಳು ಸತ್ರೆ ಏನ್ಮಾಡ್ತಿದ್ದ?"

"ಮೊದಲ್ನೋನು ಆರೋನ ಅಂತ. ಇಬ್ರು ಮಕ್ಕಳು ಒಂದೇ ದಿನ ಸತ್ರಂತೆ. ಮೈಮ್ಯಾಲೆ ದೇವ್ರೆಣ್ಣೆ ಐತೆ, ಅಳ್ಬ್ಯಾಡ, ಬಾಗ್ಲು ದಾಟ್ಬ್ಯಾಡ ಅಂದ್ರಂತೆ."

"ಅದ್ಕೆ?"

"ಸುಮ್ಕಿದ್ದ ಅಂತ ಬರ್ದವ್ರೆ."

"ಆಮ್ಯಾಕೆ? ಯಾವತ್ತಾರ ಮಕ್ಕಳ್ನ ಹೂತ ಗುಂಡಿ ತಾವ್ಕೆ ಹೋದ್ನಾ?"

"ಅದ್ನ ಬರ್ದಿಲ್ಲ ಅಣ್ಣಯ್ಯ."

ದೊಡ್ಡಬೀರಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡ. "ನಮ್ ಕೂಸ್ನ ಹೂತ ಜಾಗ ನಂಗೆ ಗೊತ್ತಿಲ್ಲ. ತೋರುಸ್ತೀಯಾ?"

"ನಾಲೆ ಏರಿ ಕೆಳ್ಗೆ, ಹೊಂಗೆಮರದ ತಾವ. ಕಲ್ಲು ಹಾಕಿಲ್ಲ, ಹುಲ್ಲು ಬೆಳ್ಕಂಡದೆ." ಸಿದ್ದರಾಮು ಮುಖ ಒರೆಸಿಕೊಂಡ. "ನಾಳೀಕೆ ಬಾ. ಪೂಜೆ ಮುಗಿಸ್ಕಂಡು."

"ಪೂಜೆಗೆ ಮುಂಚೇನೇ ಬತ್ತೀನಿ."

ಸಿದ್ದರಾಮು ಕತ್ತೆತ್ತಿದ. "ನಾಳೆ ಮಂಗ್ಳವಾರ ಕಣಣ್ಣಯ್ಯ. ಗುಂಡಿ ಮೆಟ್ಬುಟ್ಟು ಅಮ್ಮನ್ನ ಮುಟ್ಟಂಗಿಲ್ಲ. ಜನ ಕಾಯ್ತಾರೆ."

"ಗೊತ್ತು ಕಣ್ಲಾ. ಎಷ್ಟೊತ್ಗೆ?"

"ಡೈರಿಗೆ ಹಾಲು ಹಾಕ್ಬುಟ್ಟು ಆರೂವರೆಗೆ ಬತ್ತೀನಿ," ಎಂದ ಸಿದ್ದರಾಮು. "ಏರಿ ಮ್ಯಾಲೆ ನಿಂತಿರು."