ಮೋಟು ಜಡೆಯ ಹೆಸರಲ್ಲಿ ಬಂದ ಮೆಸೇಜು

ಅನ್ನ ಆರಿದರೂ ಪರವಾಗಿಲ್ಲ, ಮೊದಲು ಫೋಟೋ. ಈ ಚಟ ಈಗ ಯಾವ ಮನೆಯಲ್ಲಿಲ್ಲ ಹೇಳಿ? ಗೊಂಬೆಯಕ್ಕನ ಮನೆಯಲ್ಲಂತೂ ಸ್ವಲ್ಪ ಜಾಸ್ತಿಯೇ ಇತ್ತು.

ಗೊಂಬೆಯಕ್ಕ ಕಿಟಕಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕತ್ತರಿಸಿ ಉಳಿದ ಚೂರುಬಟ್ಟೆ ಮನೆಗೆ ತಂದು ಗೊಂಬೆ ಮಾಡುತ್ತಿದ್ದಳು. ಒಂದು ಗೊಂಬೆ ಮುಗಿದರೆ ಇಂಟರ್ನೆಟ್ಟಿನ ತನ್ನ ಪುಟದಲ್ಲಿ ಒಂದು ಫೋಟೋ. ಸಮುದ್ರ ನೋಡಲು ಹೊರಟರೆ ಹೊರಡುವ ದಿನ, ತಿರುಗಿ ಬರುವ ದಿನ ಎಲ್ಲವನ್ನೂ ಬರೆದು ಹಾಕುವಳು. ಅವಳ ಗಂಡ ಬಸ್ ಡ್ರೈವರ್. "ನನ್ನ ತಟ್ಟೇಲಿರೋದು ನನ್ನ ಬಾಯಿಗೆ ಬರೋಕೆ ಮುಂಚೆ ಊರಿನ ಕಣ್ಣಿಗೆ ಬೀಳುತ್ತಲ್ಲೇ!" ಎಂದು ಗೊಣಗುತ್ತಿದ್ದ.

ಅವಳು ನಕ್ಕು ಇನ್ನೊಂದು ಫೋಟೋ ತೆಗೆಯುತ್ತಿದ್ದಳು. ಊರಿನ ಕಣ್ಣು ಅವಳಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಒಬ್ಬಳ ಕಣ್ಣು.

ಅವಳಿಗೆ ಒಬ್ಬಳು ತಂಗಿ. ಆರು ವರ್ಷದ ಹಿಂದೆ ಅಮ್ಮ ಹೋದ ದಿನ ತಂಗಿ ಬರುವುದು ತಡವಾಯಿತು. ದುಃಖದಲ್ಲಿದ್ದ ಗೊಂಬೆಯಕ್ಕ ಹತ್ತು ಜನರ ಎದುರಿಗೆ, "ಈಗ ಬಂದ್ಯಾ, ಹೆಣ ನೋಡೋಕೆ?" ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಬಂದ ಕಾಲಲ್ಲೇ ತಿರುಗಿ ಹೋದವಳು ಮತ್ತೆ ಮಾತಾಡಲಿಲ್ಲ.

ಎಲ್ಲಾದರೂ ಕೂತು ಅವಳು ನೋಡಲಿ ಅಂತಲೇ ಗೊಂಬೆಯಕ್ಕ ಎಲ್ಲವನ್ನೂ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದಳು. ಒಂದು ಸಲ ಇಬ್ಬರೂ ಚಿಕ್ಕವರಿದ್ದಾಗಿನ ಫೋಟೋ ಹಾಕಿ, "ಅಮ್ಮ ನನ್ನನ್ನು ಉದ್ದ ಜಡೆ, ಇವಳನ್ನು ಮೋಟು ಜಡೆ ಅಂತ ಕರೆಯುತ್ತಿದ್ದಳು. ಎಲ್ಲಿದ್ದೀಯೇ?" ಎಂದು ಬರೆದಿದ್ದಳು.

ಒಂದು ಮಧ್ಯಾಹ್ನ, ಗುರುತಿಲ್ಲದ ನಂಬರಿನಿಂದ ಮೆಸೇಜು ಬಂತು: "ಅಕ್ಕಾ, ನಾನು ಮೋಟು ಜಡೆ. ಇದು ಹೊಸ ನಂಬರ್."

ಹೊಲಿಗೆ ಮಿಷನ್ ನಿಂತೇ ಹೋಯಿತು. ಗೊಂಬೆಯಕ್ಕ ಫೋನ್ ಎತ್ತಿಕೊಂಡಳು. "ಫೋನ್ ಮಾಡ್ಲೇನೇ?" ಎಂದು ಬರೆದಳು. "ಬೇಡ ಅಕ್ಕಾ, ಗಂಟಲು ಕಟ್ಟಿದೆ" ಎಂದು ಉತ್ತರ ಬಂತು. ಐದು ದಿನ ಬರೀ ಬರವಣಿಗೆಯಲ್ಲೇ ಮಾತುಕತೆ. ಊಟ ಆಯ್ತಾ, ಹೊಸ ಗೊಂಬೆ ಯಾವುದು, ಭಾವ ಹೇಗಿದ್ದಾರೆ. ಆ ಐದು ದಿನ ಗೊಂಬೆಯಕ್ಕ ನೆಲದ ಮೇಲೆ ನಡೆಯಲಿಲ್ಲ.

ಆರನೇ ದಿನ, "ಅಕ್ಕಾ, ನನ್ನ ಹಳೇ ಫೋನ್ ಕೆಟ್ಟಿದೆ. ಅದಕ್ಕೆ ಬರಬೇಕಾದ ಆರು ಅಂಕಿಯ ಒಂದು ನಂಬರ್ ನಿನ್ನ ಫೋನಿಗೆ ಬರುತ್ತೆ. ಬೇಗ ಹೇಳು" ಎಂದು ಬಂತು.

ಅದೆಲ್ಲಿ ಬಂದಿದೆ ಅಂತ ಗೊಂಬೆಯಕ್ಕನಿಗೆ ತಿಳಿಯಲಿಲ್ಲ. ಪಕ್ಕದ ಲೈಬ್ರರಿಗೆ ಓಡಿದಳು. ಅಲ್ಲಿಯ ಮೇಡಂ ಶನಿವಾರ ಹೆಂಗಸರಿಗೆ ಫೋನ್ ಬಳಸುವುದನ್ನು ಕಲಿಸುತ್ತಿದ್ದರು.

ಮೇಡಂ ಓದಿ, "ಅಕ್ಕಾ, ತಡೀರಿ. ಈ ನಂಬರ್ ಯಾರಿಗೂ ಹೇಳಬಾರದು. ಇದು ನಿಮ್ಮ ಮನೆ ಬೀಗದ ಕೈ ಇದ್ದ ಹಾಗೆ. ಕೊಟ್ರೆ ನಿಮ್ಮ ಮೆಸೇಜಿನ ಖಾತೆ ಅವರ ಕೈಗೆ ಹೋಗುತ್ತೆ. ಆಮೇಲೆ ನಿಮ್ಮ ಹೆಸರಲ್ಲಿ ನಿಮ್ಮವರಿಗೇ ಟೋಪಿ ಹಾಕ್ತಾರೆ" ಅಂದರು.

"ಏನ್ರೀ ಮೇಡಂ! ಅವಳು ನನ್ನ ತಂಗಿ. ಮೋಟು ಜಡೆ ಅನ್ನೋ ಹೆಸರು ಬೇರೆ ಯಾರಿಗೆ ಗೊತ್ತು?"

ಮೇಡಂ ಅವಳದೇ ಪುಟ ತೆರೆದು ತೋರಿಸಿದರು. ಜಡೆ, ಅಮ್ಮ, ಗಂಡನ ಬಸ್ಸು, ಗೊಂಬೆ, ಎಲ್ಲವೂ ಅಲ್ಲೇ ಇತ್ತು. "ಇದನ್ನ ಓದಿದ ಯಾರು ಬೇಕಾದ್ರೂ ನಿಮ್ಮ ತಂಗಿ ಆಗಬಹುದು ಅಕ್ಕಾ. ಇಲ್ಲಿ ಬರೆಯದೇ ಇರೋದು ಏನಾದ್ರೂ ಕೇಳಿ."

ಗೊಂಬೆಯಕ್ಕನಿಗೆ ಒಂದು ನೆನಪಾಯಿತು. ಅವರ ಅಮ್ಮ ಬಟ್ಟೆ ಒಣಹಾಕುವಾಗ ಗಂಡುಹುಡುಗರ ಹಾಗೆ ಸಿಳ್ಳೆ ಹಾಕುತ್ತಿದ್ದಳು. ಅದು ಮನೆಯವರಿಗೆ ಮಾತ್ರ ಗೊತ್ತು. "ಬಟ್ಟೆ ಒಣಹಾಕೋವಾಗ ಅಮ್ಮ ಏನ್ ಮಾಡ್ತಿದ್ಳು ಹೇಳು?" ಎಂದು ಬರೆದಳು.

"ಅಳ್ತಿದ್ಳು ಅಕ್ಕಾ, ಪಾಪ. ಬೇಗ ನಂಬರ್ ಕಳಿಸು."

ಗೊಂಬೆಯಕ್ಕ ಫೋನನ್ನು ಮೇಡಂ ಕೈಗೆ ಕೊಟ್ಟಳು. ಮೇಡಂ ಆ ನಂಬರನ್ನು ಬ್ಲಾಕ್ ಮಾಡಲು ಹೋದಾಗ ಅವರ ಕೈ ಹಿಡಿದುಕೊಂಡಳು. "ಒಂದ್ನಿಮಿಷ ಮೇಡಂ. ಸುಳ್ಳೇ ಇರಬಹುದು. ಐದು ದಿನ ಅಕ್ಕಾ ಅಂತ ಕರೀತಲ್ಲ..."

ಮೇಡಂ ಕಾದರು. ಆಮೇಲೆ ಗೊಂಬೆಯಕ್ಕನೇ ಬ್ಲಾಕ್ ಒತ್ತಿದಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. "ನಿಜವಾದವಳ ನಂಬರ್ ಇದ್ಯಾ?" ಅಂದ.

"ಇದೆ. ಆರು ವರ್ಷದಿಂದಲೂ ಇದೆ. ಎತ್ತದೇ ಇದ್ರೆ ಅಂತ ಭಯ ರೀ."

"ಎತ್ತದಿದ್ರೆ ಇವತ್ತು ಹೇಗಿದ್ದೀಯೋ ನಾಳೆನೂ ಹಾಗೇ ಇರ್ತೀಯ. ಮಾಡು."

ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಫೋನ್ ಎತ್ತಿದಾಗ ಹಿಂದೆ ಯಂತ್ರಗಳ ಸದ್ದು. "ಯಾರು?"

"ನಾನು. ಅವತ್ತು ಆ ಮಾತು ಆಡಬಾರದಿತ್ತು ಕಣೇ."

ಯಂತ್ರಗಳ ಸದ್ದು ದೂರವಾಯಿತು; ತಂಗಿ ಹೊರಗೆ ಬಂದಿದ್ದಳು. ಆಮೇಲೆ ಹೇಳಿದಳು: "ನಿನ್ನ ಗೊಂಬೆಗಳನ್ನ ದಿನಾ ನೋಡ್ತೀನಿ. ಎಷ್ಟು ಸಂತೋಷವಾಗಿದ್ದಾಳೆ, ನನ್ನ ನೆನಪು ಎಲ್ಲಿರುತ್ತೆ ಅಂದ್ಕೊಂಡೆ. ಎಲ್ಲಿದ್ದೀಯೇ ಅಂತ ಬರೆದದ್ದನ್ನೂ ಊರಿಗೆಲ್ಲಾ ತೋರಿಸಿದೆ. ನನಗೊಂದು ಫೋನ್ ಮಾಡ್ಲಿಲ್ವಲ್ಲ ಅಕ್ಕಾ."

ತಂಗಿ ಮರುದಿನವೇ ಓಡಿ ಬರಲಿಲ್ಲ. ಇನ್ನೂ ಬಂದಿಲ್ಲ. ಭಾನುವಾರ ಕೆಲಸ ಮುಗಿಸಿ ಫೋನ್ ಮಾಡುತ್ತಾಳೆ. ಕೆಲವು ಸಲ ಎರಡೇ ಮಾತು. ಆ ಎರಡು ಮಾತಿಗಾಗಿ ಗೊಂಬೆಯಕ್ಕ ಸೋಮವಾರದಿಂದಲೇ ಕಾಯುತ್ತಾಳೆ.

ಗೊಂಬೆಗಳ ಫೋಟೋ ಈಗಲೂ ಹಾಕುತ್ತಾಳೆ. ಮನೆಯ ಮಾತು, ಹಳೆಯ ಫೋಟೋ ಮಾತ್ರ ಗುರುತಿನವರಿಗಷ್ಟೇ ಕಾಣುತ್ತವೆ. ಪ್ರವಾಸದ ಫೋಟೋ ಮನೆಗೆ ವಾಪಸು ಬಂದ ಮೇಲೆ. ಅವಳ ಗಂಡನೂ ಮನೆ ಮುಂದೆ ತನ್ನ ಬಸ್ಸಿನ ಜೊತೆ ತೆಗೆಸಿಕೊಂಡು ಹಾಕಿದ್ದ, ಮನೆ ನಂಬರ್ ಕಾಣುವ ಫೋಟೋವನ್ನು ತಾನೇ ಅಳಿಸಿದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಖುಷಿ ಹಂಚಿಕೊಳ್ಳಿ, ಬೇಡ ಅನ್ನುವವರು ಯಾರು? ಆದರೆ ಯಾರಿಗೆ ಕಾಣಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ. ಹೊಸ ನಂಬರಿನಿಂದ ನಿಮ್ಮವರು ಅಂತ ಯಾರಾದರೂ ಬಂದರೆ ದನಿ ಕೇಳಿ, ಮನೆಯವರಿಗಷ್ಟೇ ಗೊತ್ತಿರುವುದನ್ನು ಕೇಳಿ. ಫೋನಿಗೆ ಬಂದ ಗುಟ್ಟಿನ ಅಂಕಿಯನ್ನು ಹೆತ್ತ ಮಗ ಕೇಳಿದರೂ ಕೊಡಬೇಡಿ. ಮತ್ತೆ, ಇದನ್ನು ಓದುವಾಗ ನಿಮಗೆ ಯಾರದಾದರೂ ನೆನಪು ಬಂದಿದ್ದರೆ, ಅವರು ನೋಡಲಿ ಅಂತ ಫೋಟೋ ಹಾಕಿ ಕಾಯಬೇಡಿ. ಈ ಕಾಗದ ಪಕ್ಕಕ್ಕಿಟ್ಟು ಅವರಿಗೆ ಫೋನ್ ಮಾಡಿ.