ಅನಸವ್ವ ಬೇಡವೆಂದ ಪಾಸ್‌ವರ್ಡ್

ತಪ್ಪು ನನ್ನದೇ. ಇದನ್ನು ಒಪ್ಪಿಕೊಳ್ಳಲು ನನಗೆ ಹದಿನೈದು ದಿನ ಬೇಕಾಯಿತು; ಅನಸವ್ವನ ಮೇಲೆ ಹೊರಿಸಲು ಒಂದು ನಿಮಿಷವೂ ಬೇಕಾಗಿರಲಿಲ್ಲ.

ಬನಹಟ್ಟಿಯಲ್ಲಿ ನಮ್ಮವು ಆರು ಮಗ್ಗ. ದೀಪಾವಳಿಗೆಂದು ಎರಡು ತಿಂಗಳು ಕಂಪ್ಯೂಟರ್ ಮುಂದೆ ಕೂತು ಗಿಳಿಗಳ ಹೊಸ ಅಂಚೊಂದನ್ನು ಬಿಡಿಸಿದ್ದೆ. ನಮ್ಮ ಸೀರೆ ಮಗ್ಗದಿಂದ ಇಳಿಯುವ ಮೊದಲೇ ಅದೇ ಅಂಚು, ಅದೇ ಗಿಳಿ, ರಬಕವಿಯ ಅಂಗಡಿಯೊಂದರಲ್ಲಿ ತೂಗಾಡುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪಡಸಾಲೆ ದಾಟಿ ಮನೆಯೊಳಗೆ ಓಡಾಡುವ ಹೊರಗಿನವಳೆಂದರೆ ಅನಸವ್ವ ಒಬ್ಬಳೇ. ಗಂಡನಿಲ್ಲದ ನೆರೆಯವಳು, ಹತ್ತು ವರ್ಷದಿಂದ ನಮ್ಮ ಮಗ್ಗಗಳಿಗೆ, ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವಳ ಕೈಯಲ್ಲಿ ಫೋನೂ ಇತ್ತು; ನಮ್ಮ ವೈಫೈ ಹಿಡಿದು ಕಂಪ್ಯೂಟರಿನಿಂದ ಡಿಸೈನು ಕದ್ದಿದ್ದಾಳೆ ಅಂದುಕೊಂಡೆ.

“ಉಂಡ ಮನಿ ಜಂತಿ ಎಣಸಾಕಿ ನೀ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವಳು ಸುತ್ತುತ್ತಿದ್ದ ಕಂಡಿಕೆಯನ್ನು ಪೂರ್ತಿ ಮುಗಿಸಿ, ಬುಟ್ಟಿಗೆ ಹಾಕಿ ಎದ್ದು ಹೋದಳು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಹದಿನೈದು ದಿನದ ಮೇಲೆ ವೈಫೈ ಭದ್ರ ಮಾಡಲು, ಕಂಪ್ಯೂಟರ್ ರಿಪೇರಿ ಮಾಡುವ ಚಿಮ್ಮಡದ ವೀರೇಶನನ್ನು ಕರೆಸಿದೆ.

“ಪಾಸ್‌ವರ್ಡ್ ಏನೈತ್ರಿ ಕಾಶಪ್ಪಣ್ಣ?” ಅಂದ.

ಹೇಳಿದೆ. ಅವನು ಅಲ್ಲೇ ಮಡಚಿಟ್ಟಿದ್ದ ಸೀರೆಯೊಂದನ್ನು ಬಿಚ್ಚಿ ನೋಡಿದ. ಪ್ರತಿ ಸೀರೆಯ ತುದಿಗೆ ಮನೆತನದ ಹೆಸರು, ನಂಬರು ನೇಯುವುದು ನಮ್ಮಜ್ಜನ ಕಾಲದ ರೂಢಿ. ಮರೆಯಬಾರದೆಂದು ಅದನ್ನೇ ಪಾಸ್‌ವರ್ಡ್ ಮಾಡಿದ್ದೆ.

“ಕೀಲಿಕೈ ಸೀರಿಗೆ ನೇದು ಊರಿಗೆಲ್ಲ ಮಾರೀರಲ್ರಿ!”

ವೈಫೈ ಹಿಡಿದ ಫೋನುಗಳ ಪಟ್ಟಿ ತೆಗೆದ. ನಾಲ್ಕು ನಮ್ಮ ಮನೆಯವು. ಐದನೆಯದರ ಮೇಲೆ ರಾಜಕುಮಾರನ ಹೆಸರಿತ್ತು. ನಮ್ಮ ಸೀರೆ ಒಯ್ಯುವ ವ್ಯಾಪಾರಿ, ರಬಕವಿಯ ಆ ಅಂಗಡಿಯವನೇ; ಆ ಸೀರೆಯನ್ನು ಯಾರೋ ತಂದು ಮಾರಿದರೆಂದು ಅವನು ಹೇಳಿದ್ದನ್ನು ನಂಬಿದ್ದೆ. ನಮ್ಮ ಪಡಸಾಲೆಯಲ್ಲಿ ಗಂಟೆಗಟ್ಟಲೆ ಕೂತು ಚಹಾ ಕುಡಿಯುತ್ತಿದ್ದ. ಡಿಸೈನುಗಳ ಫೋಲ್ಡರ್ ವೈಫೈ ಹೊಕ್ಕವರಿಗೆಲ್ಲ ತೆರೆದೇ ಇತ್ತು.

“ಅನಸವ್ವನ ಫೋನು?”

“ಆಕಿದು ಒಮ್ಮೀನೂ ಕೂಡಿಲ್ರಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವೀರೇಶ ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿದ, ಬಂದುಹೋಗುವವರಿಗೆ ಬೇರೆ ವೈಫೈ ಮಾಡಿದ, ಫೋಲ್ಡರಿಗೆ ಬೀಗ ಹಾಕಿದ. ಅಷ್ಟೂ ಹೊತ್ತು ನಾನು ಅನಸವ್ವ ಕೂರುತ್ತಿದ್ದ ಮೂಲೆಯ ರಾಟೆಯನ್ನೇ ನೋಡುತ್ತಿದ್ದೆ.

ಸಂಜೆ ಅವಳ ಮನೆಗೆ ಹೋಗಿ ಕೈ ಮುಗಿದೆ. “ತಪ್ಪಾತವ್ವ. ನಾಳಿಂದ ಕೆಲಸಕ್ಕ ಬಾ. ನಮ್ಮ ವೈಫೈನೂ ಬಳಸು, ಪಾಸ್‌ವರ್ಡ್ ಹೇಳತೇನಿ.”

ಅವಳು ಎರಡೂ ಕಿವಿ ಮುಚ್ಚಿಕೊಂಡಳು.

“ಹೇಳಬ್ಯಾಡ್ರಿ ಅಣ್ಣಾ! ನೂಲು ಕೊಡ್ರಿ, ಇಲ್ಲೇ ಸುತ್ತತೇನಿ. ನಾಳಿ ಮತ್ತೇನರ ಕಳುವಾದ್ರ, ಗೊತ್ತಿದ್ದವರೊಳಗ ನನ್ನ ಹೆಸರು ಬ್ಯಾಡ.”

ಈಗ ಅವಳು ತನ್ನ ಮನೆಯಲ್ಲೇ ಸುತ್ತುತ್ತಾಳೆ. ಒಳಗೆ ಬಾ ಎಂದರೂ ಬರುವುದಿಲ್ಲ. ಬುಟ್ಟಿಯನ್ನು ಹೊಸ್ತಿಲ ಹೊರಗಿಟ್ಟು, ನಾನು ನೋಡುತ್ತಿದ್ದರೆ, ಫೋನು ತಂದಿಲ್ಲವೆಂದು ಎರಡೂ ಖಾಲಿ ಕೈ ತೋರಿಸಿ ಹೋಗುತ್ತಾಳೆ.